ಉಣ್ಣಲೊಲ್ಲದ ಪಿಸ್ತೂಲು

1911ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಸೈನ್ಯ ಜಾನ್ ಮೋಸೆಸ್ ಬ್ರೌನಿಂಗ್ ಎಂಬ ಪುಣ್ಯಾತ್ಮನ ಪಿಸ್ತೂಲನ್ನು ಪರೀಕ್ಷೆಗೆ ಹಚ್ಚಿತು. ಒಟ್ಟು 6,000 ಗುಂಡು. ಕೈಯಲ್ಲಿ ಹಿಡಿಯಲಾಗದಷ್ಟು ಕಾದರೆ ನೀರಿನಲ್ಲಿ ಅದ್ದುವುದು, ಮತ್ತೆ ಹಾರಿಸುವುದು. ಒಂದು ಗುಂಡೂ ಸಿಕ್ಕಿಹಾಕಿಕೊಳ್ಳಲಿಲ್ಲವಂತೆ. ಎದುರಾಳಿಯಾಗಿದ್ದ ಸ್ಯಾವೇಜ್ ಪಿಸ್ತೂಲು 37 ಸಲ ಮುಗ್ಗರಿಸಿ ಮನೆಗೆ ಹೋಯಿತು. ಬ್ರೌನಿಂಗ್ ತೀರಿಕೊಂಡು ನೂರು ವರ್ಷವಾಗುತ್ತ ಬಂತು. ಇವತ್ತಿನ ಪಿಸ್ತೂಲುಗಳಲ್ಲಿ ಬಹುಪಾಲು ಅವನ ಬುದ್ಧಿಯನ್ನೇ ಉಂಡು ಬದುಕುತ್ತಿವೆ. ನಾನು ಕೊಂಡ ಹೊಚ್ಚಹೊಸ ನೈನ್ ಎಂಎಂ ಪಿಸ್ತೂಲೂ ಅದೇ ವಂಶದ್ದು. ಅದು ಆರು ಸಾವಿರ ಬೇಡ, ನಿಲ್ಲದೆ ಆರು ಹಾರಿಸಿದ್ದರೆ ಬೀದಿಗೆಲ್ಲ ಹೋಳಿಗೆ ಊಟ ಹಾಕಿಸುತ್ತಿದ್ದೆ.

ಕಂಪನಿಯ ಹೆಸರು ಹೇಳುವುದಿಲ್ಲ. ಅವರ ಬಳಿ ವಕೀಲರಿದ್ದಾರೆ. ನನ್ನ ಬಳಿ ಇರುವುದು ಪಿಸ್ತೂಲು, ಅದೂ ಕೆಲಸ ಮಾಡುವುದಿಲ್ಲ.

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರ ಮಗ ಟೆಕ್ಸಸ್‌ಗೆ ಬಂದು ಪಿಸ್ತೂಲು ಯಾಕೆ ಕೊಂಡ ಎಂದು ಕೇಳಿದವರಿಗೆ ನಾನು ಅಮೆರಿಕದ ಸಂವಿಧಾನದ ಎರಡನೇ ತಿದ್ದುಪಡಿಯಿಂದ ಶುರುಮಾಡುತ್ತೇನೆ. ನಿಜವಾದ ಕಾರಣ ಮಂಡಿ. ಡಲ್ಲಾಸ್ ಸುತ್ತಮುತ್ತಲಿನ ನಮ್ಮ ಗಂಡಸರು ಐವತ್ತು ಹತ್ತಿರ ಬರುತ್ತಿದ್ದಂತೆ ಕ್ರಿಕೆಟ್ಟಿನಿಂದ ಬ್ಯಾಡ್ಮಿಂಟನ್ನಿಗೆ, ಬ್ಯಾಡ್ಮಿಂಟನ್ನಿನಿಂದ ಫಿಸಿಯೋಥೆರಪಿಗೆ ಬಡ್ತಿ ಹೊಂದುತ್ತಾರೆ. ನಿಂತಲ್ಲೇ ನಿಂತು ಆಡಬಹುದಾದ, ಏಸಿ ಇರುವ, ಊರಿಗೆ ಫೋನ್ ಮಾಡಿದಾಗ ಹೇಳಿಕೊಳ್ಳಲು ಗತ್ತೂ ಇರುವ ಆಟ ಇದೊಂದೇ ಉಳಿದಿತ್ತು. ಸಿಟಿಜನ್‌ಶಿಪ್ ಬಂದಿತ್ತು. ಅಂಗಡಿಯಲ್ಲಿ 4473 ಎಂಬ ನಂಬರಿನ ಫಾರ್ಮು ಕೊಟ್ಟರು. ತಲೆಮರೆಸಿಕೊಂಡವನೇ, ಗಾಂಜಾ ಸೇದುತ್ತೀಯೇ, ಮನೆಯವರ ಮೇಲೆ ಕೈಮಾಡಿ ಶಿಕ್ಷೆಯಾಗಿದೆಯೇ ಎಂದೆಲ್ಲ ಅದರಲ್ಲಿ ಕೇಳುತ್ತಾರೆ. ಎಲ್ಲಕ್ಕೂ ಇಲ್ಲ ಎಂದು ಬರೆದೆ. ಎಫ್‌ಬಿಐನವರು ನನ್ನ ಪೂರ್ವಾಪರ ನೋಡಿ ಒಪ್ಪಿಗೆ ಕೊಟ್ಟರು. ನನ್ನ ಮದುವೆಗೆ ಜಾತಕ ನೋಡಿದ ಜೋಯಿಸರು ಇದಕ್ಕಿಂತ ಹೆಚ್ಚು ಅನುಮಾನಪಟ್ಟಿದ್ದರು.

ಈ ಜಾತಿಯ ಪಿಸ್ತೂಲಿನಲ್ಲಿ ಟ್ರಿಗರ್ ಒಂದು ಸಲ ಎಳೆದರೆ ಒಂದು ಗುಂಡು ಹಾರುತ್ತದೆ; ಮುಂದಿನ ತೋಟಾವನ್ನು ತಾನೇ ಬಾಯಿಗೆ ಹಾಕಿಕೊಳ್ಳಬೇಕು. ಮದ್ದು ಸಿಡಿದ ರಭಸಕ್ಕೆ ಮೇಲಿನ ಸ್ಲೈಡ್ ಹಿಂದಕ್ಕೆ ಚಿಮ್ಮುತ್ತದೆ. ಹೋಗುವಾಗ ಅದರ ಕೊಕ್ಕೆ ಖಾಲಿ ತೋಟಾವನ್ನು ನಳಿಗೆಯ ಬುಡದ ಚೇಂಬರಿನಿಂದ ಕಿತ್ತು ತರುತ್ತದೆ, ಅದು ಪಕ್ಕಕ್ಕೆ ಹಾರಿ ಬೀಳುತ್ತದೆ. ಆಮೇಲೆ ಸ್ಪ್ರಿಂಗ್ ಸ್ಲೈಡನ್ನು ಮುಂದೆ ದಬ್ಬುತ್ತದೆ; ಬರುತ್ತ ಬರುತ್ತ ಅದು ಹಿಡಿಯೊಳಗಿನ ಮ್ಯಾಗಜೀನಿನಿಂದ ಹೊಸ ತೋಟಾವನ್ನು ತಳ್ಳಿಕೊಂಡು ಬರುತ್ತದೆ. ತೋಟಾದ ಮೂತಿ ಫೀಡ್ ರ‍್ಯಾಂಪ್ ಎಂಬ ಪುಟ್ಟ ಏರನ್ನು ಹತ್ತಿ ಚೇಂಬರಿಗೆ ಜಾರುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಇಷ್ಟೂ ಆಗಬೇಕು. ನನ್ನದು ಮೊದಲ ಗುಂಡನ್ನು ಶಿಸ್ತಾಗಿ ಹಾರಿಸುತ್ತಿತ್ತು. ಎರಡನೆಯದನ್ನು ಹಟಮಾರಿ ಮಗು ತುತ್ತನ್ನು ಕೆನ್ನೆಯಲ್ಲಿಟ್ಟುಕೊಂಡ ಹಾಗೆ ಅರ್ಧ ಬಾಯಿಗೆ ತೆಗೆದುಕೊಂಡು ಸುಮ್ಮನಾಗುತ್ತಿತ್ತು. ಒಮ್ಮೊಮ್ಮೆ ಖಾಲಿ ತೋಟಾ ಹೊರಗೆ ಹೋಗಲಾರದೆ ಸ್ಲೈಡಿನ ಕಿಂಡಿಯಲ್ಲಿ ನೆಟ್ಟಗೆ ನಿಂತು ನನ್ನನ್ನೇ ನೋಡುತ್ತಿತ್ತು.

ಮನೆಯಲ್ಲಿ ಹೀಗಾದರೆ ಮಾನ ಉಳಿಯುತ್ತದೆ. ಶೂಟಿಂಗ್ ರೇಂಜಿನಲ್ಲಿ ಹಾಗಲ್ಲ. ಪಿಸ್ತೂಲು ಸಿಕ್ಕಿಕೊಂಡರೆ ನಳಿಗೆ ಗುರಿಯ ಕಡೆಗೇ ಇರಬೇಕು, ಬೆರಳು ಟ್ರಿಗರಿನಿಂದ ಹೊರಗಿರಬೇಕು, ಕೈಯಲ್ಲಿ ಹಿಡಿದುಕೊಂಡು ಹಿಂದೆ ತಿರುಗುವಂತೆಯೇ ಇಲ್ಲ. ಆದ್ದರಿಂದ ನಾನು ಗೋಡೆಗೆ ಮುಖಮಾಡಿ, ಒಂದು ಕೈ ಮೇಲೆತ್ತಿ, ‘ಎಕ್ಸ್‌ಕ್ಯೂಸ್ ಮಿ’ ಎಂದು ಗೋಡೆಗೇ ಕೂಗುತ್ತ ನಿಲ್ಲುತ್ತಿದ್ದೆ. ಎಲ್ಲರ ಕಿವಿಯಲ್ಲೂ ಮುಚ್ಚಳ. ಪಕ್ಕದ ಲೇನಿನಲ್ಲಿ ಒಬ್ಬ ಹುಡುಗಿ ಅಪ್ಪನ ಜೊತೆ ಬಂದು ಡಬ್ಬಗಟ್ಟಲೆ ಗುಂಡು ಮುಗಿಸುತ್ತಿದ್ದಳು.

ಚಿಕಿತ್ಸೆಗೆ ಮೊದಲು ಬಂದವನು ವಿರಾಜಪೇಟೆ ಕಡೆಯ ಗೆಳೆಯ. ಕೋವಿಯ ವಿಚಾರದಲ್ಲಿ ಕೊಡವರ ಮಾತಿಗೆ ಎದುರಾಡಬಾರದು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಎಂಬ ಹೂ ಮುಡಿಸಿ ಪೂಜೆ ಮಾಡುವ ಜನ. ನನ್ನ ತೋಟಾದ ಡಬ್ಬ ನೋಡಿಯೇ ಅವನು ನಕ್ಕ. ನಾನು ಕೊಂಡಿದ್ದು ತಲೆಯಲ್ಲಿ ಗುಳಿ ಇರುವ ಹಾಲೋ ಪಾಯಿಂಟ್, ಡಬ್ಬದ ಮೇಲಿನ ಚಿತ್ರ ಉಗ್ರವಾಗಿತ್ತೆಂಬ ಒಂದೇ ಕಾರಣಕ್ಕೆ.

“ಮೂತಿ ಮೊಂಡು ಮಾರಾಯ, ಹೊಸ ಪಿಸ್ತೂಲಲ್ಲಿ ಇದು ಏರು ಹತ್ತುವಾಗ ತಡೆಯುತ್ತೆ. ಗುಂಡನೆ ಮೂತಿಯ ಮಾಮೂಲಿ ತೋಟೆ ತಗೊ, 124 ಗ್ರೇನಿಂದು.”

124 ಗ್ರೇನ್ ಎಂದರೆ ಸುಮಾರು ಎಂಟು ಗ್ರಾಂ ತೂಕದ ಗುಂಡು. ಹೊಸ ಸ್ಪ್ರಿಂಗು ಬಿಗಿಯಾಗಿರುತ್ತದೆ, ಅದನ್ನು ಪೂರ್ತಿ ಹಿಂದೆ ನೂಕಲು ತೋಟಾಕ್ಕೆ ಕಸುವಿರಬೇಕು, ಮೊದಲ ಇನ್ನೂರು ಗುಂಡು ಕಳೆದರೆ ಎಲ್ಲ ಸಡಿಲವಾಗುತ್ತದೆ ಎಂದು ವಿವರಿಸಿದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಪಿಸ್ತೂಲು ಮಾತ್ರ ಹೊಸ ತೋಟಾವನ್ನೂ ಅಷ್ಟೇ ಶ್ರದ್ಧೆಯಿಂದ ತಿರಸ್ಕರಿಸಿತು.

ಆಗ ನನ್ನೊಳಗಿನ ಸಾಫ್ಟ್‌ವೇರ್ ಎಂಜಿನಿಯರ್ ಎದ್ದು ಕೂತ. ಪಿಸ್ತೂಲಿನ ಜೊತೆ ಎರಡು ಮ್ಯಾಗಜೀನ್ ಬಂದಿದ್ದವು. ಬಹುಪಾಲು ಫೀಡಿಂಗ್ ತಕರಾರು ಮ್ಯಾಗಜೀನಿನದ್ದೇ ಎಂದು ತಿಳಿದವರು ಹೇಳುತ್ತಾರೆ: ತುಟಿ ಕೊಂಚ ಬಾಗಿದ್ದರೂ, ಒಳಗಿನ ಸ್ಪ್ರಿಂಗ್ ಸೋಮಾರಿಯಾದರೂ ತೋಟಾ ತಪ್ಪು ಕೋನದಲ್ಲಿ ಮೇಲೆ ಬರುತ್ತದೆ. ಮಾರ್ಕರಿನಲ್ಲಿ ಒಂದು, ಎರಡು ಎಂದು ಬರೆದು, ಯಾವುದರಲ್ಲಿ ಎಷ್ಟನೇ ಗುಂಡು ನಿಂತಿತು, ಕೋಣೆಯ ಉಷ್ಣಾಂಶವೆಷ್ಟು, ಬೆಳಗ್ಗೆ ನಾನು ಕಾಫಿ ಕುಡಿದಿದ್ದೆನೇ ಎಂಬುದನ್ನೆಲ್ಲ ಎಕ್ಸೆಲ್ಲಿಗೆ ಹತ್ತಿಸಿದೆ. ಬಣ್ಣಬಣ್ಣದ ಚಾರ್ಟು ಬಂತು. ಎರಡು ಮ್ಯಾಗಜೀನಿನ ಗೆರೆಗಳೂ ಒಂದರ ಮೇಲೊಂದು ಕೂತಿದ್ದವು.

“ರೀ, ಹಾರಿದ ಗುಂಡಿಗಿಂತ ಇದ್ರಲ್ಲಿ ಕಾಲಮ್ಮೇ ಜಾಸ್ತಿ ಇದೆ” ಎಂದಳು ಹೆಂಡತಿ.

ಆ ಹೊತ್ತಿಗೆ ಅಮ್ಮ ಊರಿನಿಂದ ಬಂದಿದ್ದರು. ಆಯುಧಪೂಜೆಗೆ ಎರಡು ಕಾರು, ಲ್ಯಾಪ್‌ಟಾಪು, ಮಿಕ್ಸಿಗಳ ಸಾಲಿನಲ್ಲಿ, ತೋಟಾ ತೆಗೆದು ಬಾಯಿ ತೆರೆದಿಟ್ಟ ಪಿಸ್ತೂಲೂ ಕೂತಿತು. ವಿಸಿಟರ್ ವೀಸಾದಲ್ಲಿ ಬಂದವರು ಸಾಮಾನ್ಯವಾಗಿ ಇಲ್ಲಿ ಬಂದೂಕು ಹಿಡಿಯುವಂತಿಲ್ಲ, ಅದು ಫೆಡರಲ್ ಕಾಯಿದೆ ಎಂದು ನಾನು ಅಮ್ಮನಿಗೆ ದೊಡ್ಡ ಭಾಷಣ ಕೊಟ್ಟೆ.

“ಮುಟ್ಟೋಕ್ಕೆ ಯಾರಿಗೆ ಬೇಕಾಗಿತ್ತೋ ಅದು” ಎಂದು ಅಮ್ಮ ದೂರದಿಂದಲೇ ಅಕ್ಷತೆ ಎರಚಿದರು. ಆಮೇಲೆ ಕೇಳಿದರು: “ನಿನ್ನ ದೊಡ್ಡಪ್ಪನ ಕೇಪಿನ ಕೋವಿಗೆ ಮದ್ದು, ನಾರು, ಚರೆ ಎಲ್ಲ ಕೈಯಲ್ಲೇ ತುಂಬ್ತಿದ್ರು. ಅದು ಯಾವತ್ತಾದ್ರೂ ಬೇಡ ಅಂದಿದ್ದುಂಟಾ?”

ಉತ್ತರವಿರಲಿಲ್ಲ. ಹೊಸ ಪಿಸ್ತೂಲಿಗೆ ಕಾರ್ಖಾನೆಯಲ್ಲಿ ಬಳಿದ ಜಿಡ್ಡನ್ನು ಒರೆಸಿ, ಹೊಸ ಎಣ್ಣೆಯ ಹನಿ ಹಾಕಿ ಬಳಸಬೇಕೆಂದು ಕೈಪಿಡಿಯಲ್ಲಿತ್ತು. ಅದನ್ನು ಓದಿದ್ದು ಆಗಲೇ. ಊಟದ ಮೇಜಿನ ಮೇಲೆ ಹಳೆಯ ಪಂಚೆ ಹಾಸಿ ಎಲ್ಲ ಬಿಚ್ಚಿದೆ. ಮ್ಯಾಗಜೀನಿನ ಅಡಿಹಲಗೆ ಜಾರಿಸಿದ್ದೇ ತಡ, ಒಳಗಿನ ಉದ್ದನೆಯ ಸ್ಪ್ರಿಂಗ್ ಕಿತ್ತುಕೊಂಡು ಹಾರಿ ತಿಳಿಸಾರಿನ ಪಾತ್ರೆಯ ಪಕ್ಕ ಬಿತ್ತು. ಅದರ ಹಿಂದೆಯೇ ಮೇಜಿನ ಮೇಲೆ ಉದುರಿತು ಒಂದು ಹಳದಿ ಅಕ್ಷತೆಕಾಳು.

ಆ ಕ್ಷಣದ ಆನಂದವನ್ನು ವರ್ಣಿಸಲಾರೆ. ರೋಗ ಸಿಕ್ಕಿತು! ಗೆಳೆಯರಿಗೆಲ್ಲ ಕಾಳಿನ ಫೋಟೋ ಕಳಿಸಿದೆ. ಪಿಸ್ತೂಲಿಗೆ ಅಕ್ಕಿ ಒಗ್ಗುವುದಿಲ್ಲ ಎಂಬ ಶೀರ್ಷಿಕೆಯನ್ನೂ ಕೊಟ್ಟೆ. ಈ ತೊಂದರೆ ಆಯುಧಪೂಜೆಗಿಂತ ಎಷ್ಟೋ ಮೊದಲೇ ಶುರುವಾಗಿತ್ತಲ್ಲ ಎಂದು ಹೆಂಡತಿ ನೆನಪಿಸಿದ್ದನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದಿನ ಶನಿವಾರ ಮತ್ತೆ ಗೋಡೆಗೆ ಮುಖಮಾಡಿ ಕೈ ಎತ್ತಿ ನಿಂತಿದ್ದೆ.

ಇನ್ನು ಉಳಿದದ್ದು ಶಸ್ತ್ರಚಿಕಿತ್ಸೆ. ಫೀಡ್ ರ‍್ಯಾಂಪನ್ನು ಡ್ರೆಮೆಲ್ ಯಂತ್ರದಿಂದ ಕನ್ನಡಿಯ ಹಾಗೆ ಉಜ್ಜಿದರೆ ತೋಟಾ ಸರಾಗವಾಗಿ ಹತ್ತುತ್ತದೆ ಎಂದು ಯಾವುದೋ ವಿಡಿಯೋದಲ್ಲಿ ಒಬ್ಬ ಗಡ್ಡದವನು ತೋರಿಸಿಕೊಟ್ಟ. ಲೋಹ ಒಮ್ಮೆ ಸವೆದರೆ ಮರಳಿ ಬರುವುದಿಲ್ಲ, ಏರಿನ ಕೋನ ಕೆಟ್ಟರೆ ಪಿಸ್ತೂಲೇ ಕೆಟ್ಟಿತು, ವಾರಂಟಿಯೂ ಹೋಯಿತು ಎಂದು ಕೊಡಗಿನವನು ಗದರಿದ. ಹುಣಸೆಹಣ್ಣು ಹಚ್ಚಿ ನೋಡು ಎಂಬುದು ಅಮ್ಮನ ಸಲಹೆ. ಯಂತ್ರ ಇನ್ನೂ ಡಬ್ಬದಲ್ಲೇ ಇದೆ; ಹೆಂಡತಿ ಅದರ ತುದಿಗೆ ಬ್ರಷ್ ಸಿಕ್ಕಿಸಿ ಬೆಳ್ಳಿ ದೀಪ ಉಜ್ಜಬಹುದೇ ಎಂದು ಯೋಚಿಸುತ್ತಿದ್ದಾಳೆ.

ಕೊನೆಗೆ ರೇಂಜಿನವರೇ ನನ್ನ ಕೂಗು ತಾಳಲಾರದೆ ಒಬ್ಬ ಶಿಕ್ಷಕಿಯನ್ನು ಕಳಿಸಿದರು. ಎಪ್ಪತ್ತರ ಆಸುಪಾಸಿನ ಹೆಂಗಸು, ಸೈನ್ಯದಿಂದ ನಿವೃತ್ತರಾದವರು, ಮಣಿಕಟ್ಟು ನೋಡಿದರೆ ಹಪ್ಪಳದ ಹಿಟ್ಟನ್ನೂ ನಾದಲಾರರು ಎನ್ನಿಸಬೇಕು. ನಾನು ಎಕ್ಸೆಲ್ಲಿನ ಪ್ರಿಂಟ್ ಮುಂದೆ ಹಿಡಿದೆ. ಅವರು ಅದನ್ನು ಮಡಚಿ ಪಕ್ಕಕ್ಕಿಟ್ಟರು. ಚೇಂಬರ್ ಖಾಲಿಯೆಂದು ನೋಡಿಕೊಂಡು, ಒಂದನೇ ನಂಬರಿನ ಮ್ಯಾಗಜೀನ್ ತುಂಬಿ ಒಂದೇ ಉಸಿರಿಗೆ ಮುಗಿಸಿದರು. ಎರಡನೇ ನಂಬರಿನದೂ ಹಾಗೆಯೇ. ನನ್ನದೇ ಪಿಸ್ತೂಲು, ನನ್ನದೇ ತೋಟಾ, ಉಗ್ರ ಚಿತ್ರದ ಡಬ್ಬದಲ್ಲಿ ಉಳಿದವು ಕೂಡ.

ಆಮೇಲೆ ನನ್ನ ಕೈಗೆ ಕೊಟ್ಟು ಹಾರಿಸು ಎಂದರು. ಹಾರಿಸಿದೆ. ನಿಂತಿತು. ಅವರು ಪಿಸ್ತೂಲಿನ ಕಡೆ ನೋಡಲೇ ಇಲ್ಲ. ನನ್ನ ಮಣಿಕಟ್ಟನ್ನು ನೋಡುತ್ತಿದ್ದರು.

ಅವರು ಹೇಳಿದ್ದರ ಸಾರ ಇಷ್ಟು. ಸ್ಲೈಡ್ ಪೂರ್ತಿ ಹಿಂದೆ ಹೋಗಬೇಕಾದರೆ ಕೆಳಗಿನ ಚೌಕಟ್ಟು ನಿಂತಲ್ಲೇ ನಿಲ್ಲಬೇಕು. ಅದನ್ನು ನಿಲ್ಲಿಸುವುದು ಕೈಯ ಕೆಲಸ. ನನ್ನ ಕೈ ಗುಂಡು ಹಾರಿದ ಕೂಡಲೇ ಪಿಸ್ತೂಲಿನ ಜೊತೆಗೇ ಹಿಂದಕ್ಕೆ ಹೊರಟುಬಿಡುತ್ತದೆ. ಸ್ಲೈಡಿಗೆ ಹೋಗಬೇಕಾದಷ್ಟು ದೂರ ಸಿಗುವುದಿಲ್ಲ, ಮರಳಿ ಬರಲು ರಭಸವೂ ಇರುವುದಿಲ್ಲ; ತೋಟಾ ಅರ್ಧದಾರಿಯಲ್ಲಿ ನಿಲ್ಲುತ್ತದೆ. ಸಾಲದ್ದಕ್ಕೆ ನಾನು ಮೊದಲ ತೋಟಾ ಹಾಕುವಾಗಲೂ, ಹೊಸ ವಸ್ತುವೆಂಬ ಮಮತೆಯಿಂದ, ಸ್ಲೈಡನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಮುಂದೆ ಬಿಡುತ್ತಿದ್ದೆ. ಅದನ್ನು ಪೂರ್ತಿ ಎಳೆದು ಕೈಬಿಡಬೇಕು, ತಾನಾಗಿ ಹೊಡೆದುಕೊಳ್ಳಬೇಕು. ಇಪ್ಪತ್ತೈದು ವರ್ಷ ಕೀಬೋರ್ಡ್ ಒತ್ತಿದ ಕೈಗೆ ಇಷ್ಟೇ ಶಕ್ತಿ ಎಂದು ನಾನು ವಾದಿಸಿದೆ. ಆ ಪುಟ್ಟ ಹುಡುಗಿಯ ಕೈ ನೋಡು ಎಂದು ಪಕ್ಕದ ಲೇನಿನ ಕಡೆ ಗಲ್ಲ ತೋರಿಸಿದರು.

ಎಡಗೈಯನ್ನು ಬಲಗೈಯ ಸುತ್ತ ಬಿಗಿಯಾಗಿ ಸುತ್ತಿಸಿದರು, ಮಣಿಕಟ್ಟು ಬಾಗದ ಹಾಗೆ ನಿಲ್ಲಿಸಿದರು, ಮೈ ಕೊಂಚ ಮುಂದೆ ವಾಲಿಸಿದರು. ಹಾರಿಸಿದೆ. ಇನ್ನೊಂದು. ಮತ್ತೊಂದು. ಖಾಲಿ ತೋಟಾಗಳು ಬಲಕ್ಕೆ ಚಿಮ್ಮಿ ಸಿಮೆಂಟಿನ ಮೇಲೆ ಟಿಣಿಟಿಣಿ ಎಂದವು. ಮ್ಯಾಗಜೀನ್ ಬರಿದಾಗಿ ಸ್ಲೈಡ್ ಹಿಂದೆ ನಿಂತಿತು. ಎರಡನೆಯದೂ ಹಾಗೆಯೇ ಬರಿದಾಯಿತು. ಹಿಂದೆ ಗಾಜಿನಾಚೆ ಹೆಂಡತಿ ಚಪ್ಪಾಳೆ ತಟ್ಟುತ್ತಿದ್ದಳಂತೆ, ನನಗೆ ತಿರುಗುವಂತಿರಲಿಲ್ಲ.

ಪಿಸ್ತೂಲು ಸಿಕ್ಕಿಕೊಳ್ಳುತ್ತಿದ್ದ ಕಾಲದಲ್ಲಿ ಒಂದು ಸೌಕರ್ಯವಿತ್ತು. ಹಾರಿದ ಒಂದೊಂದು ಗುಂಡು ಎಲ್ಲಿಗೆ ಹೋಯಿತೆಂದು ನಾನೂ ಸೇರಿದಂತೆ ಯಾರೂ ವಿಚಾರಿಸುತ್ತಿರಲಿಲ್ಲ. ಈಗ ಶಿಕ್ಷಕಿ ಬಟನ್ ಒತ್ತಿ ಗುರಿಕಾಗದವನ್ನು ಹತ್ತಿರ ತರಿಸಿದರು. ನಡುವಿನ ವೃತ್ತಗಳು ಅಚ್ಚುಮನೆಯಿಂದ ಬಂದಷ್ಟೇ ಹೊಸದಾಗಿದ್ದವು. ತೂತುಗಳೆಲ್ಲ ಎಡಗಡೆಯ ಕೆಳಮೂಲೆಯಲ್ಲಿ, ಕಾಗದ ಮಾಡಿದ ಕಂಪನಿಯ ವಿಳಾಸದ ಮೇಲೆ ಗುಂಪುಗೂಡಿದ್ದವು. ಟ್ರಿಗರ್ ಎಳೆಯುವಾಗ ಹೆದರಿ ಕೈ ಕುಸಿದರೆ ಹೀಗಾಗುತ್ತದೆ ಎಂದು ಅವರು ಏನೋ ಹೇಳತೊಡಗಿದರು. ನಾನು ಪಿಸ್ತೂಲನ್ನು ಬೆಳಕಿಗೆ ಹಿಡಿದು ನೋಡುವುದರಲ್ಲಿದ್ದೆ.

ಗುರಿ ನೋಡುವ ಸೈಟು ಡೊಂಕಿದೆ. ಕಂಪನಿಗೆ ಮೇಲ್ ಹಾಕಿದ್ದೇನೆ, ಎಕ್ಸೆಲ್ ಸಮೇತ.