ಕಟ್ಟಿಗೆಯ ತಕರಾರು

ಬಂದೂಕಿನ ಮಾತು ಹೈದರಾಬಾದಿನ ಸುಲ್ತಾನ್ ಬಜಾರಿಗೆ ಹೊಸದೇನಲ್ಲ. ಬಡಿಚೌಡಿಯಲ್ಲಿ ಬಳೆ, ಬ್ಲೌಸ್ ಪೀಸಿಗೆ ಚೌಕಾಸಿ ಮಾಡುವವರು ನಾಲ್ಕು ಹೆಜ್ಜೆ ಹಾಕಿದರೆ ಬ್ರಿಟಿಷರ ಹಳೇ ರೆಸಿಡೆನ್ಸಿ. 1857ರ ಜುಲೈ 17ರಂದು ತುರ್ರೆಬಾಜ್ ಖಾನ್ ಮತ್ತು ಮೌಲ್ವಿ ಅಲಾವುದ್ದೀನ್ ಜನ ಕಟ್ಟಿಕೊಂಡು ಏರಿಹೋದದ್ದು ಅದರ ಮೇಲೆಯೇ. ಇನ್ನೊಂದು ದಿಕ್ಕಿಗೆ ಹೋದರೆ ಫ್ರೆಂಚ್ ಸೇನಾಪತಿ ರೇಮಂಡ್ 1795ರಲ್ಲಿ ಫಿರಂಗಿ ಎರಕ ಹೊಯ್ಯಿಸಿದ ಗನ್‌ಫೌಂಡ್ರಿ, ಹಳಬರ ಬಾಯಲ್ಲಿ ತೋಪ್ ಕಾ ಸಾಂಚಾ. ಇಂಥ ಕಡೆ ನಮ್ಮ ಮಾಳಿಗೆ ಗೋಡೆಯ ಆಚೆ ಒಬ್ಬ ರಿಟೈರ್ಡ್ ಆರ್ಮರರ್ ಇದ್ದರೆ ಆಶ್ಚರ್ಯವೇನು?

ಆ ಆರ್ಮರರ್ ಕಾಕಾ ಬಸವಕಲ್ಯಾಣದ ಕಡೆಯವರು. ಫೌಜಿನ ರಿಪೇರಿ ದಳವಾದ ಇ.ಎಂ.ಇ. ಸೇರಿ, ಸಿಕಂದರಾಬಾದಿನಲ್ಲಿ ಕೆಲಸ ಕಲಿತು, ಊರೂರು ತಿರುಗಿ ರೈಫಲ್ ಬಿಚ್ಚಿ ಜೋಡಿಸಿ ಬಂದವರು. ಈಗ ಅವರ ಬಳಿ ಉಳಿದಿರುವ ಆಯುಧ ಅಡಕತ್ತರಿ ಒಂದೇ. ಸಂಜೆ ಗೋಡೆಗೆ ಮೊಣಕೈ ಊರಿ ಅಡಿಕೆ ಕತ್ತರಿಸುತ್ತಾ, "ಏನಪಾ ತಮ್ಮಾ, ಏನ್ ಸುದ್ದಿ?" ಅಂದರೆ ಯಾವುದಾದರೂ ಸುದ್ದಿ ಹುಟ್ಟಿಸಲೇಬೇಕು.

ಆವತ್ತು ಸುದ್ದಿ ತಾನಾಗಿಯೇ ಇತ್ತು. ವಿರಾಜಪೇಟೆಯಲ್ಲಿ ನನ್ನ ಕೊಡವ ಗೆಳೆಯನಿದ್ದಾನೆ. ಕೈಲ್‌ಪೊಳ್ದ್ ಹಬ್ಬ ಹತ್ತಿರ ಬಂದಿತ್ತು. ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಹಬ್ಬ. ಕೋವಿ ಒರೆಸಿ, ನಳಿಗೆಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಆಮೇಲೆ ಮರಕ್ಕೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಪಂದ್ಯ. ಕೊಡವರಿಗೂ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಹೀಗೆ ಎಲ್ಲವೂ ಅನುಕೂಲವಾಗಿದ್ದರೂ ಗೆಳೆಯನ .22 ರೈಫಲ್ ಮಾತ್ರ ಮಾತು ಕೇಳುತ್ತಿರಲಿಲ್ಲ. "ಬ್ಯಾರಲ್ ಹೋಯಿತು ಮಾರಾಯ, ಇಲ್ಲಾಂದ್ರೆ ಸ್ಕೋಪ್ ಹೋಗಿದೆ. ಹೊಸದು ತಗೋಬೇಕು" ಅಂತ ಫೋನಿನಲ್ಲಿ ಗೋಳಾಡಿದ್ದ.

ಕಾಕಾ ಅಡಕತ್ತರಿ ನಿಲ್ಲಿಸಿದರು. "ಬ್ಯಾರಲ್ ಹೋಗ್ಯಾದ ಅಂತ ಅವಗ ಯಾರು ಹೇಳಿದ್ರು? .22 ಅಂದ್ರ ಸೀಸದ ಗುಂಡು, ಸಣ್ಣ ಮದ್ದು. ಆ ಬ್ಯಾರಲ್ ಸವೀಲಿಕ್ಕೆ ಅವ ಮುದುಕ ಆಗಬೇಕಾಗ್ತದ. ಕಾಗದ ಎಲ್ಲದ?"

"ಯಾವ ಕಾಗದ ಕಾಕಾ?"

"ಹೊಡೆದ ಕಾಗದ! ಕಾಯಿಗಿ ಹೊಡೆದ್ರ ಒಡೀತು, ಒಡೀಲಿಲ್ಲ, ಎರಡೇ ಉತ್ತರ. ಮರಳಿನ ಚೀಲದ ಮ್ಯಾಲ ರೈಫಲ್ ಇಟ್ಟು ಕಾಗದಕ್ಕ ಹೊಡೀಲಿಕ್ಕೆ ಹೇಳು. ಯಾರ ತಪ್ಪು ಅಂತ ಅದೇ ಹೇಳ್ತದ."

ಗೆಳೆಯ ವಾಟ್ಸ್ಆ್ಯಪಿನಲ್ಲಿ ಫೋಟೊ ಕಳಿಸಿದ. ಕಾಕಾ ಕನ್ನಡಕ ಹಣೆಗೇರಿಸಿ, ನನ್ನ ಫೋನನ್ನು ಮೂಗಿನ ತುದಿಗೆ ಹಿಡಿದು, ಎರಡು ಬೆರಳಿಂದ ಚಿತ್ರ ಹಿಗ್ಗಿಸಿದರು. ನಡುವಿನ ಚುಕ್ಕೆಯ ಬಲಕ್ಕೆ ನಾಲ್ಕು ತೂತು ಒಂದಕ್ಕೊಂದು ಅಂಟಿಕೊಂಡಂತೆ. ಒಂದು ಹೆಬ್ಬೆರಳಗಲ ಬಿಟ್ಟು ಮೇಲೆ ಮೂರು ತೂತು, ಅವೂ ಅಂಟಿಕೊಂಡೇ. ನಡುವೆ ಏನೂ ಇಲ್ಲ.

"ನೋಡು. ಕೈ ನಡುಗಿದ್ರ ತೂತು ಎಲ್ಲಾ ಕಡಿ ಚೆಲ್ಲತಾವ. ಬ್ಯಾರಲ್ ಕೆಟ್ರೂ ಹಂಗೇ. ಇಲ್ಲಿ ಎರಡು ಗುಂಪು ಆಗ್ಯಾವ. ಅಂದ್ರ ಏನೋ ಒಂದು ಎರಡು ಕಡಿ ಕುಂಡ್ರಲಿಕ್ಕತ್ಯದ. ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ. ಮೊದಲು ಸ್ಕೋಪಿನ ಮೌಂಟ್ ಅಲುಗಾಡ್ತದ ಏನು ನೋಡಲಿ. ಅದು ಗಟ್ಟಿ ಇದ್ರ ಕಟ್ಟಿಗಿ ತಕರಾರು."

ಬಂದೂಕು ಹಿಡಿಯದವರಿಗೆ ಇದು ಬಿಡಿಸಿ ಹೇಳಬೇಕಾದ ಮಾತು. ರೈಫಲ್ ಒಂದೇ ವಸ್ತುವಿನಂತೆ ಕಂಡರೂ ಎರಡು ಭಾಗ. ಬ್ಯಾರಲ್ಲೂ, ಅದರ ಹಿಂದೆ ಬೋಲ್ಟ್ ಆಡುವ ಆ್ಯಕ್ಷನ್ನೂ ಸೇರಿ ಕಬ್ಬಿಣದ್ದು ಒಂದು. ಅದನ್ನು ಹೊತ್ತುಕೊಂಡಿರುವ ಕಟ್ಟಿಗೆ, ಅಂದರೆ ಸ್ಟಾಕ್, ಇನ್ನೊಂದು. ಸಾಮಾನ್ಯವಾಗಿ ಎರಡೇ ಸ್ಕ್ರೂ ಇವನ್ನು ಹಿಡಿದಿಟ್ಟಿರುತ್ತವೆ. ಗುಂಡು ಹಾರುವಾಗ ಬ್ಯಾರಲ್ ಕಂಪಿಸುತ್ತದೆ. ಪ್ರತಿ ಸಲವೂ ಅದೇ ರೀತಿ ಕಂಪಿಸಿದರೆ ಗುಂಡು ಅದೇ ಜಾಗಕ್ಕೆ ಹೋಗುತ್ತದೆ. ಕಬ್ಬಿಣ ಕಟ್ಟಿಗೆಯೊಳಗೆ ಒಂದು ಕೂದಲಷ್ಟು ಸರಿದರೂ ಲೆಕ್ಕ ತಪ್ಪಿತು.

"ಕೊಡಗಿನ ಮಳಿ ನಿನಗ ಗೊತ್ತಿಲ್ಲೇನು? ಮಳಿಗಾಲದಾಗ ನಿಮ್ಮ ಮೆಟ್ಟಲ ಬಾಗಿಲು ಉಬ್ಬಿ, ನೀ ಒದ್ದು ಹಾಕ್ತಿಯಲ್ಲ, ಹಂಗ ಕಟ್ಟಿಗಿ ಉಬ್ಬಿ ಬ್ಯಾರಲ್‌ಗೆ ಒಂದು ಕಡಿಂದ ಒತ್ತತದ. ಮತ್ತ ಈ ಮಂದಿ ಎತ್ತಿಡೋವಾಗ ಎಣ್ಣಿ ಸುರೀತಾರ. ಎಣ್ಣಿ ಇಳಿದು ಸ್ಕ್ರೂ ಹತ್ತರ ಕಟ್ಟಿಗಿ ಮೆತ್ತಗಾಗ್ತದ. ಎಷ್ಟು ಬಿಗಿದ್ರೂ ನಾಳಿಗಿ ಮತ್ತ ಸಡಿಲು."

ಆಮೇಲೆ ಕಾಕಾ ಪರೀಕ್ಷೆಗಳನ್ನು ಒಂದೊಂದಾಗಿ ಹೇಳಿದರು. ನಾನು ಟೈಪ್ ಮಾಡಿ ವಿರಾಜಪೇಟೆಗೆ ರವಾನಿಸಿದೆ. ಮೊದಲು ರೈಫಲ್ ಖಾಲಿ ಇದೆಯೇ ನೋಡು, ಬೋಲ್ಟ್ ತೆಗೆದು ಪಕ್ಕಕ್ಕಿಡು. ಬ್ಯಾರಲ್ಲಿಗೂ ಕಟ್ಟಿಗೆಗೂ ನಡುವೆ ಒಂದು ಕಾಗದದ ಪಟ್ಟಿ ತೂರಿಸಿ ಮೂತಿಯ ಕಡೆಯಿಂದ ಹಿಂದಕ್ಕೆ ಎಳೆ. ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ಕಟ್ಟಿಗೆ ತಾಗುತ್ತಿದೆ. ಬ್ಯಾರಲ್ಲನ್ನು ಕಟ್ಟಿಗೆಗೆ ತಾಗದಂತೆ ಪೂರಾ ಬಿಡುವಾಗಿ ಇಡದ ರೈಫಲ್ಲುಗಳೂ ಇವೆ, ಆದರೆ ಒಂದೇ ಪಕ್ಕಕ್ಕೆ ತಾಗಿದರೆ ಅದು ದೋಷವೇ. ಆಮೇಲೆ ಆ ಸಂದಿನ ಮೇಲೆ ಬೆರಳಿಟ್ಟು, ಮುಂದಿನ ಸ್ಕ್ರೂ ಸಡಿಲಿಸಿ ಮತ್ತೆ ಬಿಗಿ ಮಾಡು. ಬೆರಳಿನಡಿ ಬ್ಯಾರಲ್ ಏಳುವುದು, ಕೂರುವುದು ಗೊತ್ತಾದರೆ ಆ್ಯಕ್ಷನ್ ಸಮವಾಗಿ ಕೂತಿಲ್ಲ. ಸ್ಕ್ರೂ ಅದನ್ನು ಬಗ್ಗಿಸಿ ಕೂರಿಸುತ್ತಿದೆ.

"ಇನ್ನೂ ಅನುಮಾನ ಇದ್ರ, ಕಬ್ಬಿಣದ ಅಡಿಗಿ ತೆಳ್ಳಗ ಕಾಡಿಗಿ ಹಚ್ಚಿ ಕೂಡಿಸಿ ಬಿಗಿದು ಬಿಚ್ಚಲಿ. ಕಟ್ಟಿಗಿ ಮ್ಯಾಲ ಎಲ್ಲಿ ಕರ್ರಗಾಗ್ಯಾದ ಅಲ್ಲಿ ತಾಗ್ಯಾದ. ಆದ್ರ ಒಂದು ಮಾತು, ಒಮ್ಮೆಗೆ ಒಂದೇ ಬದಲು. ಸ್ಕ್ರೂ ಬಿಗಿದಾನ, ಮತ್ತ ಹೊಡೀಲಿ. ನಾಕು ಕೆಲಸ ಒಂದೇ ಸಲ ಮಾಡಿದ್ರ ಯಾವುದರಿಂದ ಸುಧಾರಿಸ್ತು ಅಂತ ದೇವರಿಗೂ ತಿಳಿಯಂಗಿಲ್ಲ."

ಕಟ್ಟಿಗೆಯೇ ಸವೆದಿದ್ದರೆ ಎಪಾಕ್ಸಿ ತುಂಬಿ ಆ್ಯಕ್ಷನ್ನಿಗೆ ಅಚ್ಚು ಹಾಸಿಗೆ ಮಾಡುತ್ತಾರೆ, ಬೆಡ್ಡಿಂಗ್ ಅಂತ. ಆ ಕೆಲಸ ಲೈಸೆನ್ಸ್ ಇರುವ ಗನ್‌ಸ್ಮಿತ್ತಿಗೇ ಬಿಡಬೇಕು ಎಂದು ಕಾಕಾ ತಾಕೀತು ಮಾಡಿದರು. ಕಬ್ಬಿಣಕ್ಕೆ ಮೇಣ ಹಚ್ಚಲು ಮರೆತರೆ ಕಟ್ಟಿಗೆಯೂ ಕಬ್ಬಿಣವೂ ಮತ್ತೆಂದೂ ಬೇರೆಯಾಗುವುದಿಲ್ಲವಂತೆ.

ಇಲ್ಲಿಂದ ಅವರು ಇಶಾಪುರಕ್ಕೆ ಹಾರಿದರು. ಕೋಲ್ಕತ್ತದ ಬಳಿಯ ಆ ರೈಫಲ್ ಕಾರ್ಖಾನೆಯ .303 ಅವರ ಮೊದಲ ಪ್ರೀತಿ. ಅದರ ಕಟ್ಟಿಗೆ ಮುಂದೊಂದು, ಹಿಂದೊಂದು. ಹಿಂದಿನ ಬಟ್ಟನ್ನು ಹಿಡಿದಿರುವ ಉದ್ದನೆಯ ಬೋಲ್ಟಿನ ಚೌಕ ತುದಿ ಮುಂದಿನ ಕಟ್ಟಿಗೆಯ ತಗಡಿನಲ್ಲಿ ಸಿಕ್ಕಿಕೊಂಡಿರುತ್ತದೆ. ಅದು ತಿಳಿಯದೆ ಆ ಬೋಲ್ಟನ್ನೇ ಮೊದಲು ತಿರುಗಿಸಿದರೆ ಮುಂದಿನ ಕಟ್ಟಿಗೆ ಚಟ್ ಅಂತ ಸೀಳುತ್ತದೆ. "ಹೊಸ ಹುಡುಗ್ರು ಹಿಂಗೇ ಸೀಳ್ತಿದ್ರು, ಆಮ್ಯಾಲ ರೈಫಲ್ ಖರಾಬ್ ಅದ ಸಾಬ್ ಅಂತಿದ್ರು." ಕಟ್ಟಿಗೆ ಸೀಳಬಾರದೆಂದು ಇಶಾಪುರದವರು ಅದಕ್ಕೆ ಅಡ್ಡಲಾಗಿ ಒಂದು ಸ್ಕ್ರೂ ಕೊಟ್ಟರು, ಇವತ್ತಿಗೂ ಜಗತ್ತಿನ ಹಳೇ ರೈಫಲ್ ಪ್ರಿಯರು ಅದನ್ನು ಇಶಾಪುರ್ ಸ್ಕ್ರೂ ಎಂದೇ ಕರೆಯುತ್ತಾರೆ.

"ಕಾಕಾ, ದೊಡ್ಡ ಶೂಟರ್‌ಗಳಿಗೂ ಇದೇ ಪಾಡಾ? ನಮ್ಮ ಹೈದರಾಬಾದಿನ ಗಗನ್ ನಾರಂಗ್ 2012ರಲ್ಲಿ ಲಂಡನ್ನಿಂದ ಕಂಚು ತಂದರಲ್ಲ?"

"ಅವರದು ಇನ್ನೂ ಕಠಿಣ. ಹತ್ತು ಮೀಟರ್ ಏರ್ ರೈಫಲ್‌ದಾಗ ಹತ್ತರ ಚುಕ್ಕಿ ಅರ್ಧ ಮಿಲಿಮೀಟರ್! 2008ರಾಗ ಬೀಜಿಂಗ್ ಫೈನಲ್ ಮುಂಚೆ ಬಿಂದ್ರಾನ ಸೈಟ್ ತಪ್ಪಿತ್ತು, ತಾನೇ ಪುಸ್ತಕದಾಗ ಬರೆದಾನ. ಅಭ್ಯಾಸದ ಗುಂಡಿನ್ಯಾಗೇ ತಿಳ್ಕೊಂಡು ಸರಿ ಮಾಡ್ಕೊಂಡ, ಚಿನ್ನ ಗೆದ್ದ. ನಿಮ್ಮ ಗೆಳೆಯ ಆಗಿದ್ರ ಹೊಸ ರೈಫಲ್ ಬೇಕು ಅಂತಿದ್ದ."

ಗೆಳೆಯನ ಉತ್ತರ ಬಂತು. ಸ್ಕೋಪಿನ ಮೌಂಟ್ ಗಟ್ಟಿಯಾಗಿಯೇ ಇತ್ತಂತೆ. ಮುಂದಿನ ಸ್ಕ್ರೂ ಅರ್ಧ ಸುತ್ತು ಸಡಿಲವಿತ್ತು, ಕಾಗದದ ಪಟ್ಟಿ ಎಡ ಪಕ್ಕದಲ್ಲಿ ಸಿಕ್ಕಿಕೊಂಡಿತ್ತು. ಸ್ಕ್ರೂ ಬಿಗಿದ ಮೇಲೆ ಎರಡು ಗುಂಪು ಒಂದಾಯಿತು. ಪಕ್ಕದ ಕಟ್ಟಿಗೆಯನ್ನು ಗನ್‌ಸ್ಮಿತ್ ಒಂದಿಷ್ಟು ಹೆರೆದುಕೊಟ್ಟ ಮೇಲೆ ಅದು ಇನ್ನೂ ಕಿರಿದಾಯಿತು. ಸಂದೇಶದ ಕೊನೆಯಲ್ಲಿ ಮಾತ್ರ, "ಆದರೂ ಸ್ಕೋಪ್ ಆರ್ಡರ್ ಮಾಡಿದ್ದೇನೆ" ಅಂತ ಇತ್ತು.

ನಾನು ಓದಿ ಹೇಳಿದೆ. ಕಾಕಾ ಬಾಯಿಗೆ ಅಡಿಕೆ ಎಸೆದುಕೊಂಡರು. "ಮತ್ತ? ಹತ್ತು ಮಂದಿ ಮುಂದ ಸ್ಕ್ರೂ ಸಡಿಲಿತ್ತು ಅಂತ ಹ್ಯಾಂಗ ಹೇಳ್ತಾನಪಾ? ಸ್ಕೋಪ್ ಬದಲಿಸಿದೆ ಅಂದ್ರ ಮಾನ ಉಳೀತದ. ಕಾಸು ಖರ್ಚಿಲ್ಲದ ತಪ್ಪು ಯಾರಿಗೂ ಬ್ಯಾಡ, ತಮ್ಮಾ. ನಾ ಇಷ್ಟು ವರ್ಷ ಸರ್ಕಾರದ ಪಗಾರ ತಿಂದಿದ್ದೇ ಆ ಸ್ಕ್ರೂ ಬಿಗಿದು. ಹೋಗ್ಲಿ, ಪಂದ್ಯದ ಕಾಯಿ ಒಂದು ನನಗೂ ಕಳಿಸು ಅನ್ನು."