ಯಜಮಾನ ಎಲ್ಲಿ ನಿಲ್ತಾನೆ?

ರೀ, ಕರಿಬೇವು ಬೇಕಾದಷ್ಟು ಕಿತ್ಕೊಳ್ಳಿ. ಕಿತ್ತಾದ ಮೇಲೆ ಐದು ನಿಮಿಷ ಗೋಡೆ ಹತ್ತಿರಾನೇ ನಿಲ್ಲಿ. ಬೆಳಗ್ಗೆಯಿಂದ ನಿಮ್ಮ ಮೊಮ್ಮಗಳ ದನಿ ಕೇಳಿಸ್ತಾ ಇದೆ. ‘ಎ ನೌನ್ ಈಸ್ ದ ನೇಮ್ ಆಫ್ ಎ ಪರ್ಸನ್, ಪ್ಲೇಸ್ ಆರ್ ಥಿಂಗ್’ ಅಂತ ಮೆಟ್ಟಿಲ ಮೇಲೆ ಕೂತು ಉರು ಹೊಡೀತಿದಾಳೆ. ನಾಳೆ ಟೆಸ್ಟ್ ಇರಬೇಕು. ಅವಳು ಉರು ಹೊಡೀತಿರೋದು ಆಗಲೇ ಗೊತ್ತಿರೋ ವಿಷಯಾನ. ಅದನ್ನ ಯಾರೂ ಆ ಮಗೂಗೆ ಹೇಳಿಲ್ಲ ಅನ್ನೋದೇ ನನ್ನ ಸಂಕಟ.

ನೌನ್ ಅಂದರೆ ನಾಮಪದ ತಾನೆ? ನಾವೆಲ್ಲ ಓದಿದ್ದೇ. ನದಿ, ಬೆಟ್ಟ ರೂಢನಾಮ. ಕಾವೇರಿ ಅಂಕಿತನಾಮ. ವ್ಯಾಪಾರಿ ಅನ್ವರ್ಥನಾಮ. ಕೇಶಿರಾಜ 13ನೇ ಶತಮಾನದಲ್ಲೇ ಶಬ್ದಮಣಿದರ್ಪಣದಲ್ಲಿ ಈ ವಿಂಗಡಣೆ ಮಾಡಿಟ್ಟಿದಾನೆ. ಕಾಮನ್ ನೌನ್, ಪ್ರಾಪರ್ ನೌನ್ ಅಂತ ಅವಳ ಪುಸ್ತಕದಲ್ಲಿ ಇರೋದು ಇದರ ನೆಂಟರೇ. ಅಲ್ಲಿವರೆಗೆ ಯಾವ ಮಗುವೂ ಎಡವೋದಿಲ್ಲ.

ಎಡವೋದು ಮುಂದಿನ ಹೆಜ್ಜೇಲಿ. ನಾಮಪದ ಒಂಟಿಯಾಗಿ ಬರೋದು ಅಪರೂಪ, ಸಂಸಾರ ಕಟ್ಟಿಕೊಂಡೇ ಬರುತ್ತೆ. ಆ ಸಂಸಾರಕ್ಕೆ ಇಂಗ್ಲಿಷಿನವರು ನೌನ್ ಫ್ರೇಸ್ ಅಂತಾರೆ. ಸಂಸಾರ ಎಷ್ಟೇ ದೊಡ್ಡದಿರಲಿ, ಯಜಮಾನ ಪದ ಒಂದೇ. ಆ ಯಜಮಾನ ಎಲ್ಲಿ ನಿಲ್ತಾನೆ ಅನ್ನೋದರಲ್ಲೇ ಕನ್ನಡಕ್ಕೂ ಇಂಗ್ಲಿಷಿಗೂ ಇರೋ ದೊಡ್ಡ ವ್ಯತ್ಯಾಸ.

ಮೈಸೂರು ರಸ್ತೆಯಿಂದ ನಮ್ಮ ರಾಜರಾಜೇಶ್ವರಿನಗರದ ಒಳಗೆ ತಿರುಗೋ ಕಡೆ ಇರೋ ಆರ್ಚನ್ನೇ ತಗೊಳ್ಳಿ. ‘ಆರ್ಚ್ ಹತ್ತಿರದ ಅಂಗಡಿಯಲ್ಲಿ ಹೂ ಮಾರುವ ಹೆಂಗಸು’ ಅಂತೀವಿ. ಹೆಂಗಸು ಯಜಮಾನಿ, ಕೊನೇಲಿ ನಿಂತಿದಾಳೆ. ಅವಳ ಪರಿಚಯವೆಲ್ಲ ಮುಂದೆ ಮುಂದೆ ಹೋಗುತ್ತೆ. ಈಗ ಇದನ್ನೇ ಇಂಗ್ಲಿಷಲ್ಲಿ ಹೇಳಿ: ‘ದ ವುಮನ್ ಹೂ ಸೆಲ್ಸ್ ಫ್ಲವರ್ಸ್ ಇನ್ ದ ಶಾಪ್ ನಿಯರ್ ದಿ ಆರ್ಚ್.’ ಹೆಂಗಸು ಮೊದಲು, ಆಮೇಲೆ ಮಾರೋದು, ಹೂವು, ಅಂಗಡಿ, ಹತ್ತಿರ, ಕಟ್ಟಕಡೆಗೆ ಆರ್ಚು. ಕನ್ನಡಿ ಹಿಡಿದ ಹಾಗೆ ಪೂರ್ತಿ ತಿರುಗುಮುರುಗು! ಇದನ್ನ ಮೊದಲ ಸಲ ಗಮನಿಸಿದ ದಿನ ನನಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಅಷ್ಟು ಸಂತೋಷ ಆಗಿತ್ತು.

ಎಲ್ಲವೂ ತಿರುಗುತ್ತೆ ಅಂತಲೂ ಇಲ್ಲ. ‘ಆ ಮೂರು ಹಳೇ ಮನೆಗಳು’ ಅನ್ನೋದು ‘ದೋಸ್ ತ್ರೀ ಓಲ್ಡ್ ಹೌಸಸ್’ ಆಗುವಾಗ ಒಂದು ಪದವೂ ಜಾಗ ಬಿಟ್ಟು ಕದಲೋದಿಲ್ಲ. ಚಿಕ್ಕ ವಿಶೇಷಣಗಳನ್ನ ಇಂಗ್ಲಿಷೂ ಮುಂದೆಯೇ ಇಟ್ಟುಕೊಳ್ಳುತ್ತೆ. ಉದ್ದನೆಯವನ್ನ ಮಾತ್ರ ಹಿಂದಕ್ಕೆ ಕಳಿಸುತ್ತೆ.

ಇದು ಗೊತ್ತಾದರೆ ಮಕ್ಕಳು ಮಾಡೋ ಒಂದು ತಪ್ಪಿನ ಬೇರು ಕಾಣುತ್ತೆ. ‘ದ ಲಿಸ್ಟ್ ಆಫ್ ನೇಮ್ಸ್ ಆರ್ ರೆಡಿ’ ಅಂತ ಬರೀತಾರೆ. ಮೇಷ್ಟ್ರು ‘ಈಸ್’ ಅಂತ ಕೆಂಪು ಶಾಯೀಲಿ ತಿದ್ದಿ ಬಿಡ್ತಾರೆ, ಕಾರಣ ಹೇಳೋದಿಲ್ಲ. ಕನ್ನಡದಲ್ಲಿ ‘ಹೆಸರುಗಳ ಪಟ್ಟಿ ಸಿದ್ಧವಾಗಿದೆ’ ಅಂತೀವಿ. ಯಜಮಾನ ಪಟ್ಟಿ, ಕ್ರಿಯಾಪದದ ಪಕ್ಕದಲ್ಲೇ ಇದೆ. ಹಾಗಾಗಿ ಪಕ್ಕದವನ ಮುಖ ನೋಡಿ ಕ್ರಿಯಾಪದ ಹಾಕೋದು ನಮಗೆ ಹುಟ್ಟಿನಿಂದ ಬಂದ ಅಭ್ಯಾಸ. ಇಂಗ್ಲಿಷಲ್ಲಿ ಯಜಮಾನ ಮುಂದೆ ಹೋಗಿ ಕೂತಿರ್ತಾನೆ, ಕ್ರಿಯಾಪದದ ಪಕ್ಕದಲ್ಲಿ ‘ನೇಮ್ಸ್’ ಅನ್ನೋ ನೆಂಟ ಬಂದು ನಿಂತಿರ್ತಾನೆ. ಮಗು ನೆಂಟನನ್ನೇ ಯಜಮಾನ ಅಂದುಕೊಳ್ಳುತ್ತೆ. ಅದು ದಡ್ಡತನ ಅಲ್ಲವೇ ಅಲ್ಲ ಕಣ್ರೀ, ತಾಯ್ನುಡಿ ಕಲಿಸಿದ ವಿವೇಕ ಅದು. ಅದಕ್ಕೆ ಬೈಸಿಕೊಳ್ಳೋ ಮಕ್ಕಳನ್ನ ಕಂಡರೆ ನನ್ನ ಕರುಳು ಚುರುಕ್ ಅನ್ನುತ್ತೆ.

‘ಟೆನ್ ಕೋಕೊನಟ್’ ಅಂತ ಬರೆಯೋದೂ ಹಾಗೇನೇ. ‘ಹತ್ತು ತೆಂಗಿನಕಾಯಿ ಕೊಡಿ’ ಅಂತ ಕೇಳ್ತೀವೇ ಹೊರತು ಕಾಯಿಗಳು ಅನ್ನೋದಿಲ್ಲ. ಹತ್ತು ಅಂದ ಮೇಲೆ ಇನ್ನೊಮ್ಮೆ ‘ಗಳು’ ಯಾಕೆ? ಮನುಷ್ಯರಾದರೆ ಮಾತ್ರ ಬಿಡೋದಿಲ್ಲ, ‘ಇಬ್ಬರು ಹುಡುಗರು’ ಅಂತಲೇ ಹೇಳ್ತೀವಿ. ಇಂಗ್ಲಿಷು ಕಾಯಿಗೂ ಹುಡುಗರಿಗೂ ಒಂದೇ ನಿಯಮ ಹಾಕುತ್ತೆ. ‘ಒನ್ ಆಫ್ ಮೈ ಫ್ರೆಂಡ್’ ಅನ್ನೋ ತಪ್ಪಿಗಂತೂ ಕನ್ನಡದಲ್ಲೇ ಔಷಧಿ ಇದೆ. ‘ನನ್ನ ಗೆಳೆಯರಲ್ಲಿ ಒಬ್ಬ’ ಅಂತೀವಿ, ಗೆಳೆಯನಲ್ಲಿ ಒಬ್ಬ ಅಂತೀವಾ?

ಎ, ದ ಅನ್ನೋ ಆರ್ಟಿಕಲ್‌ಗಳು ಕನ್ನಡದಲ್ಲಿ ಇಲ್ಲ, ಅದಕ್ಕೇ ಕಷ್ಟ ಅಂತಾರೆ. ಪದ ಇಲ್ಲ, ಸರಿ. ಕೆಲಸ ಇದೆ. ರಾತ್ರಿ ನೀವು ಅವಳಿಗೆ ಕಥೆ ಹೇಳೋದು ಹೇಗೆ? ‘ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಮೂವರು ಹೆಣ್ಣುಮಕ್ಕಳು.’ ಮೊದಲ ಸಲ ‘ಒಬ್ಬ’, ಪರಿಚಯ ಆದ ಮೇಲೆ ‘ಆ’. ‘ಎ ಕಿಂಗ್’, ‘ದ ಕಿಂಗ್’ ಅಂದರೆ ಇಷ್ಟೇ. ಇನ್ನೂ ಸೂಕ್ಷ್ಮ ಒಂದಿದೆ ನೋಡಿ. ‘ಪುಸ್ತಕ ತಗೊಂಡು ಬಾ’ ಅಂದರೆ ಯಾವುದಾದರೂ ಆದೀತು. ‘ಪುಸ್ತಕಾನ ತಗೊಂಡು ಬಾ’ ಅಂದರೆ ನನಗೂ ನಿನಗೂ ಗೊತ್ತಿರೋ ಪುಸ್ತಕವೇ ಬೇಕು. ನಮ್ಮ ‘ಅನ್ನು’ ಪ್ರತ್ಯಯ ಅಲ್ಲಿ ‘ದ’ ಮಾಡೋ ಕೆಲಸಾನೇ ಮಾಡ್ತಿದೆ.

ಎಣಿಸೋಕೆ ಬಾರದ ನಾಮಪದಗಳ ಗೊಡವೆ ಸ್ವಲ್ಪವೇ. ‘ಫರ್ನಿಚರ್ಸ್’ ಅಂತ ಬೋರ್ಡ್ ಹಾಕ್ತಾರೆ, ಇಂಗ್ಲಿಷಲ್ಲಿ ಅದಕ್ಕೆ ಬಹುವಚನ ಇಲ್ಲ, ‘ಪೀಸ್ ಆಫ್ ಫರ್ನಿಚರ್’ ಅಂತ ಅಳತೆ ಹಚ್ಚಬೇಕು. ನಾವು ಮೂರು ಮೊಳ ಮಲ್ಲಿಗೆ, ಒಂದು ಹಿಡಿ ಅಕ್ಕಿ, ಎರಡು ಲೋಟ ಕಾಫಿ ಅನ್ನೋದಿಲ್ಲವೇ, ಹಾಗೆ.

ಇದನ್ನೆಲ್ಲ ಮೇಷ್ಟ್ರುಗಳೇ ಹೇಳಿಕೊಡಬಹುದಲ್ಲ. ನಮ್ಮ ಮೆಟ್ರೋ ನಿಲ್ದಾಣದಿಂದ ಕೆಂಗೇರಿ ಕಡೆಗೆ ಮುಂದಿನದು ಜ್ಞಾನಭಾರತಿ. ಆ ಕ್ಯಾಂಪಸ್ಸಿನಲ್ಲೇ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇರೋದು, 1963ರಲ್ಲಿ ಶುರುವಾದದ್ದು. ಕರ್ನಾಟಕ, ಆಂಧ್ರ, ತಮಿಳುನಾಡು, ಕೇರಳದ ಮೇಷ್ಟ್ರುಗಳಿಗೆ ಇಂಗ್ಲಿಷ್ ಪಾಠ ಮಾಡೋ ತರಬೇತಿ ಅಲ್ಲಿ. ಆ ಕಡೆ ಹೋದಾಗೆಲ್ಲ ಒಂದು ಯೋಚನೆ ಬರುತ್ತೆ. ಕನ್ನಡ, ತೆಲುಗು, ತಮಿಳು, ಮಲಯಾಳ ನಾಲ್ಕರಲ್ಲೂ ಯಜಮಾನ ಕೊನೆಯಲ್ಲೇ. ಆ ಒಂದು ಕನ್ನಡಿ ನಾಲ್ಕು ನಾಡಿನ ಮಕ್ಕಳಿಗೂ ಸಾಕು. ಮನೆ ಮಾತನ್ನ ತರಗತಿಯ ಹೊರಗೆ ನಿಲ್ಲಿಸಿ ಇಂಗ್ಲಿಷ್ ಕಲಿಸೋದು ಯಾಕೆ, ನೀವೇ ಹೇಳಿ?

ಸಂಜೆ ದೀಪ ಹಚ್ಚಿದ ಮೇಲೆ ಮಗೂನ ಕಳಿಸಿ. ನಮ್ಮ ಸುತ್ತಲಿನ ಹೆಸರುಗಳಿಂದಲೇ ಪಾಠ ಶುರು ಮಾಡ್ತೀನಿ. ಪಟ್ಟಣಗೆರೆಯಲ್ಲಿ ಯಜಮಾನ ಕೆರೆ, ರಾಜರಾಜೇಶ್ವರಿನಗರದಲ್ಲಿ ನಗರ. ಇಂಥ ಜೋಡುಪದದಲ್ಲಿ ಇಂಗ್ಲಿಷೂ ನಮ್ಮ ದಾರೀಲೇ ಬರುತ್ತೆ: ‘ಬಸ್ ಸ್ಟ್ಯಾಂಡ್’ ಒಂದು ಸ್ಟ್ಯಾಂಡು, ‘ಟೆಂಪಲ್ ಬೆಲ್’ ಒಂದು ಗಂಟೆ. ಬರೋಕೆ ಮೊದಲು ಒಂದು ಪ್ರಶ್ನೆ ಕೊಟ್ಟಿರಿ ಅವಳಿಗೆ. ಆಚೆ ಕಡೆ ಹೊಸಕೆರೆಹಳ್ಳಿ ಇದೆಯಲ್ಲ, ಯಜಮಾನ ಹಳ್ಳಿ ಅಂತ ತಕ್ಷಣ ಹೇಳಿಬಿಡ್ತಾಳೆ. ಆದರೆ ಆ ಹೆಸರಲ್ಲಿ ಹೊಸದು ಯಾವುದು, ಹಳ್ಳಿಯೋ ಕೆರೆಯೋ?