ಹೆಚ್ಚುವರಿ ಮೀಮಾಂಸೆ: ವೃದ್ಧ ಸರ್ವರಿನ ಪರಿಪ್ರೇಕ್ಷ್ಯದಲ್ಲಿ ಒಂದು ಪೂರ್ವಭಾವಿ ಅನುಸಂಧಾನ

1.0 ಪ್ರಸ್ತಾವನೆ

ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ, ಮಹಡಿ ಮೆಟ್ಟಿಲ ಕೆಳಗೆ, ಗೋಣಿಚೀಲಗಳ ಪಕ್ಕದಲ್ಲಿ ಗುಂಯ್‌ಗುಡುತ್ತ ಕೂತಿದ್ದ ಸರ್ವರೊಂದರ ಅಸ್ಮಿತೆಯನ್ನು ಏಕಡಿಸ್ಕೀಯ ನೆಲೆಯಿಂದ ದ್ವಿಡಿಸ್ಕೀಯ ನೆಲೆಗೆ ಪಲ್ಲಟಗೊಳಿಸುವ ಪ್ರಕ್ರಿಯೆಯ ಬಹುಮುಖಿ ಆಯಾಮಗಳೊಂದಿಗೆ ಮುಖಾಮುಖಿಯಾಗುವುದು ಪ್ರಸ್ತುತ ಪ್ರಬಂಧದ ಆಶಯ. ಅಂದರೆ, ಇದ್ದ ಒಂದು ಹಾರ್ಡ್ ಡಿಸ್ಕಿನ ಪಕ್ಕ ಇನ್ನೊಂದು ಹಾಕಿಸಿದೆವು. ಹೀಗೆ ಒಂದೇ ಸಾಲಿನಲ್ಲಿ ಹೇಳಿಬಿಟ್ಟರೆ ಬಿಲ್ ಏಳುವುದಿಲ್ಲ. ಬೆಂಗಳೂರಿನಿಂದ ಬಂದ ಸಲಹೆಗಾರರು ಇದನ್ನೇ 46 ಪುಟ ಬರೆದರು. ಡಿಸ್ಕು ಎಂಬ ಪದ ಅದರಲ್ಲಿ ಮೊದಲು ಕಾಣಿಸುವುದು 19ನೇ ಪುಟದಲ್ಲಿ. ಮುಂಚಿನ 18 ಪುಟ ಪೂರ್ತಿ ವಿಷನ್ನು.

1.1 ಪರಿಭಾಷೆ ಮತ್ತು ಅದರಿಂದಾದ ಗಾಬರಿ

ಮೊದಲ ಭೇಟಿಯಲ್ಲೇ ಸಲಹೆಗಾರರು ಕುರ್ಚಿ ಎಳೆದುಕೊಂಡು, "ಸರ್, ನಿಮ್ಮಲ್ಲಿ ರೇಡ್ ಮಾಡಿಸಿಬಿಡೋಣ" ಎಂದರು. ಸಾಹುಕಾರರು ಬಾಯಲ್ಲಿದ್ದ ಕವಳ ಅಗಿಯುವುದನ್ನೇ ನಿಲ್ಲಿಸಿ, "ಯಾರ್ರೀ ಬಂದಿರೋದು?" ಎಂದು ಬಾಗಿಲ ಕಡೆ ನೋಡಿದರು. ಅಡಿಕೆ ಪೇಟೆಯಲ್ಲಿ ಆ ಶಬ್ದಕ್ಕೆ ಇರುವುದು ಒಂದೇ ಅರ್ಥ. ಇದು ತೆರಿಗೆಯವರ ರೇಡ್ ಅಲ್ಲ, ಡಿಸ್ಕುಗಳ ರೇಡ್ ಎಂದು ಮನವರಿಕೆ ಮಾಡಲು ಎರಡು ಲೋಟ ಕಾಫಿ ಬೇಕಾಯಿತು. ಆ ಸಮಾಧಾನದಲ್ಲೇ ಸಾಹುಕಾರರು ಕೊಟೇಶನ್ನಿಗೆ ಸಹಿ ಹಾಕಿದ್ದು ಎಂಬುದು ಪ್ರಬಂಧಕಾರನ ಪ್ರಮೇಯ.

2.0 ಪಾಠಾಂತರ ಸಮಸ್ಯೆ

ಈ ಶಾಸ್ತ್ರದ ಮೂಲಗ್ರಂಥ 1988ರದು. ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಎಂಬ ಮೂವರು ಸೂತ್ರಕಾರರು. ದುಬಾರಿಯ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಡಿಸ್ಕುಗಳನ್ನು ಒಟ್ಟಿಗೆ ಕಟ್ಟಿ, ಒಂದು ಸತ್ತರೂ ಲೆಕ್ಕ ಉಳಿಯುವಂತೆ ಮಾಡಬಹುದು ಎಂಬುದು ಅವರ ವಾದ. ರೇಡ್ ಎಂಬ ನಾಲ್ಕು ಅಕ್ಷರದ ಇಂಗ್ಲಿಷ್ ಹೆಸರಿನಲ್ಲಿ ಐ ಅಕ್ಷರ ನಿಂತಿದ್ದು 'ಅಗ್ಗದ' ಎಂಬ ಅರ್ಥಕ್ಕೆ. ಆಮೇಲೆ ಮಾರುವವರ ಕೈಗೆ ಬಂದಾಗ ಅದೇ ಐ 'ಸ್ವತಂತ್ರ' ಎಂದಾಯಿತು. ಇದಕ್ಕಿಂತ ಲಾಭದಾಯಕವಾದ ಪ್ರಕ್ಷೇಪ ಯಾವ ಓಲೆಗರಿಯಲ್ಲೂ ನಡೆದಿರಲಾರದು. ಅಗ್ಗದ್ದು ಅಂದರೆ ಗಿರಾಕಿ ಬೆಲೆ ಕೇಳುತ್ತಾನೆ. ಸ್ವತಂತ್ರ ಅಂದರೆ ಎದ್ದು ನಿಲ್ಲುತ್ತಾನೆ.

3.0 ದರ್ಶನಗಳ ವರ್ಗೀಕರಣ

ರೇಡ್ ಸೊನ್ನೆ, ಅಂದರೆ ಶೂನ್ಯವಾದ. ಲೆಕ್ಕವನ್ನು ತುಂಡುಮಾಡಿ ಎರಡು ಡಿಸ್ಕಿಗೂ ಹಂಚುತ್ತಾರೆ. ಕೆಲಸ ಚುರುಕು. ಒಂದು ಸತ್ತರೆ ಎರಡೂ ಸತ್ತಂತೆ.

ರೇಡ್ ಒಂದು, ಅಂದರೆ ಬಿಂಬ-ಪ್ರತಿಬಿಂಬವಾದ. ಒಂದರಲ್ಲಿ ಬರೆದದ್ದು ಆ ಕ್ಷಣವೇ ಇನ್ನೊಂದರಲ್ಲೂ ಬರೆಯಲ್ಪಡುತ್ತದೆ. ಮಂಡಿ ಒಪ್ಪಿಕೊಂಡಿದ್ದು ಇದನ್ನೇ. ಪೂರ್ವಪಕ್ಷಿ ಕೇಳುತ್ತಾನೆ: ಒಂದರಲ್ಲಿ ಅಳಿಸಿದರೆ? ಇನ್ನೊಂದರಲ್ಲೂ ಆ ಕ್ಷಣವೇ ಅಳಿಯುತ್ತದೆ. ವೈರಸ್ ಹೊಕ್ಕರೆ ಎರಡಕ್ಕೂ ಸಮಪಾಲು. ಕನ್ನಡಿಯೊಳಗಿನ ಗಂಟನ್ನು ಜಿಎಸ್‌ಟಿ ಸಮೇತ ಕೊಂಡವರು ನಾವು.

ರೇಡ್ ಎರಡು, ಮೂರು, ನಾಲ್ಕರ ಅನುಯಾಯಿಗಳು ನಮ್ಮ ಪೇಟೆಯಲ್ಲಿ ಸಿಗಲಿಲ್ಲ. ಪರೀಕ್ಷೆಗೆ ಬರುತ್ತವಂತೆ.

ರೇಡ್ ಐದು ಅನುಮಾನ ಪ್ರಮಾಣ. ಇದನ್ನು ಸಲಹೆಗಾರರು ಬಾಣದ ಗುರುತುಗಳ ಚಿತ್ರ ಹಾಕಿ ಮುಕ್ಕಾಲು ಗಂಟೆ ವಿವರಿಸಿದರು. ನನಗೆ ಅರ್ಥವಾಗಲಿಲ್ಲ. ಮೂಲೆಯಲ್ಲಿ ಕೂತಿದ್ದ ನಮ್ಮ ಹಳೆಯ ಗುಮಾಸ್ತರು ಅವರು ಹೋದಮೇಲೆ ಹೇಳಿದರು: "ಇಲಿ ಕಡಿದ ಕಿರ್ದಿ ನೆನಪಿದ್ಯೇನಪ್ಪಾ? ಒಂದು ರಕಮು ಹೋಗಿತ್ತು. ಪುಟದ ಮೊತ್ತದಲ್ಲಿ ಉಳಿದಿದ್ದನ್ನ ಕಳೆದ್ವಿ, ಸಿಕ್ತು. ಅಷ್ಟೇ ಅದು. ಎರಡು ರಕಮು ಹೋಗಿದ್ರೆ ಆಗ್ತಿರಲಿಲ್ಲ." ರೇಡ್ ಐದರಲ್ಲೂ ಹಾಗೆಯೇ: ಮೂರೋ ನಾಲ್ಕೋ ಡಿಸ್ಕಿನಲ್ಲಿ ಒಂದು ಹೋದರೆ ಉಳಿದವುಗಳಿಂದ ಲೆಕ್ಕ ಹಾಕಿ ತೆಗೆಯಬಹುದು, ಎರಡು ಹೋದರೆ ಇಲ್ಲ. ಈ ಗುಮಾಸ್ತರ ಬಗ್ಗೆ ಮುಂದೆ ಹೇಳುವುದಿದೆ.

ಆರು, ಹತ್ತು, ಐವತ್ತು ಎಂಬ ಉಪದರ್ಶನಗಳೂ ಇವೆ. ಓದುಗರಿಗೆ ಸಾಕಾಗಿರಬಹುದು. ನನಗಂತೂ ಸಾಕಾಗಿದೆ.

4.0 ಆಯುರ್ದಾಯ ವಿಚಾರ

ಡಿಸ್ಕಿನ ಜಾತಕದಲ್ಲಿ ಸರಾಸರಿ ಆಯುಸ್ಸು 10 ಲಕ್ಷ ಗಂಟೆ ಎಂದು ಬರೆದಿರುತ್ತಾರೆ. ಗುಣಿಸಿ ಭಾಗಿಸಿದರೆ ಸುಮಾರು 114 ವರ್ಷ. ಇಷ್ಟು ವರ್ಷ ಬಾಳಿದ ಡಿಸ್ಕನ್ನು ಯಾರೂ ಕಂಡಿಲ್ಲ, ಕಾಣಲೂ ಸಾಧ್ಯವಿಲ್ಲ. ಮೊಟ್ಟಮೊದಲ ಹಾರ್ಡ್ ಡಿಸ್ಕು ಐಬಿಎಂನಿಂದ ಹೊರಬಂದದ್ದೇ 1956ರಲ್ಲಿ. ಮೂಲ ಸೂತ್ರಕಾರರಲ್ಲಿ ಒಬ್ಬರಾದ ಗಿಬ್ಸನ್ನರೇ 2007ರಲ್ಲಿ ಬಿಯಾಂಕಾ ಶ್ರೋಡರ್ ಜೊತೆ ಸುಮಾರು 1 ಲಕ್ಷ ಡಿಸ್ಕುಗಳ ಲೆಕ್ಕ ತೆಗೆದು ನೋಡಿದರು. ಜಾತಕದ ಪ್ರಕಾರ ವರ್ಷಕ್ಕೆ ನೂರಕ್ಕೆ ಒಂದೂ ಹೋಗಬಾರದು. ನಿಜವಾಗಿ ಎರಡರಿಂದ ನಾಲ್ಕು ಬದಲಾಯಿಸುವುದು ಮಾಮೂಲಾಗಿತ್ತು, ಕೆಲವು ಕಡೆ 13ರ ತನಕ. ಅದೇ ವರ್ಷ ಗೂಗಲ್ಲಿನವರು ಇನ್ನೊಂದು ಸಂಗತಿ ಪ್ರಕಟಿಸಿದರು: ಕೆಟ್ಟ ಡಿಸ್ಕುಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚಿನವು ತಮ್ಮೊಳಗಿನ ತಪಾಸಣಾ ಪಟ್ಟಿಯಲ್ಲಿ ಒಂದು ತಪ್ಪನ್ನೂ ದಾಖಲಿಸದೆ ಕೆಟ್ಟಿದ್ದವು.

ನಮ್ಮದು ಪಾಪ, ಹೇಳಿಯೇ ಸತ್ತಿತು. ಆ ವಿಷಯಕ್ಕೆ ಬರುತ್ತೇನೆ. ಇಲ್ಲಿಂದ ಮುಂದೆ ವಿಭಾಗಗಳಿಗೆ ಸಂಖ್ಯೆ ಹಾಕುವುದಿಲ್ಲ.

ನಮ್ಮ ಸರ್ವರು 2011ರಲ್ಲಿ ಕೊಂಡದ್ದು. ಅದರ ವಿಂಡೋಸ್ ಸರ್ವರ್ 2008ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೇ ಎಳ್ಳುನೀರು ಬಿಟ್ಟಿತ್ತು. ಒಳಗಿದ್ದದ್ದು 500 ಜಿಬಿ ಡಿಸ್ಕು. ಸಲಹೆಗಾರರು ಜೊತೆಗೆ ಹಾಕಿದ್ದು 2 ಟಿಬಿಯದು. ಪ್ರತಿಬಿಂಬವಾದದಲ್ಲಿ ದೊಡ್ಡದು ಚಿಕ್ಕದರ ಅಳತೆಗೆ ಇಳಿಯಬೇಕು. ಜೋಡೆತ್ತಿನಲ್ಲಿ ಒಂದು ಮುದಿಯಾಗಿದ್ದರೆ ನೇಗಿಲು ಅದರ ಹೆಜ್ಜೆಗೇ ಸಾಗುವ ಹಾಗೆ. ಒಂದೂವರೆ ಟಿಬಿ ಇವತ್ತಿಗೂ ಕನ್ಯೆಯಾಗಿ ಉಳಿದಿದೆ. ಇನ್ನೊಂದು ಅಪಾಯವನ್ನು 46 ಪುಟದಲ್ಲಿ ಯಾರೂ ಬರೆದಿರಲಿಲ್ಲ. ಮುದಿ ಡಿಸ್ಕಿಗೆ ಜೋಡಿ ಕಟ್ಟಿದ ಗಳಿಗೆಯಲ್ಲಿ ಅದನ್ನು ಆದಿಯಿಂದ ಅಂತ್ಯದವರೆಗೆ ಗಂಟೆಗಟ್ಟಲೆ ಒಂದೇ ಸಮನೆ ಓದಿಸುತ್ತಾರೆ. ವರ್ಷಗಟ್ಟಲೆ ಮುಟ್ಟದ ಮೂಲೆಗಳನ್ನೂ ಬಿಡುವುದಿಲ್ಲ. ಸಾಯಲಿರುವ ಡಿಸ್ಕು ಆ ಹೊತ್ತನ್ನೇ ಆರಿಸಿಕೊಳ್ಳುವುದುಂಟು. "ಮೊದಲು ಹೊರಗೊಂದು ನಕಲು ತೆಗೆದಿಡಿ, ಅದು ತೆರೆಯತ್ತಾ ನೋಡಿ, ಆಮೇಲೆ ಜೋಡಿ ಕಟ್ಟಿ" ಎಂದು ಹೇಳಿದ್ದು ಗುಮಾಸ್ತರು. ಅವರು ಪ್ರತಿ ಸಂಜೆ ಟ್ಯಾಲಿಯ ಲೆಕ್ಕವನ್ನು ಒಂದು ಪೆನ್‌ಡ್ರೈವಿಗೆ ಹಾಕಿ, ಎಲೆಅಡಿಕೆ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಪಕ್ಕ ಇಟ್ಟುಕೊಂಡು ಮನೆಗೆ ಹೋಗುತ್ತಿದ್ದರು. ಪೆನ್‌ಡ್ರೈವಿನ ಮುಚ್ಚಳ ಸುಣ್ಣ ಮೆತ್ತಿ ಬೆಳ್ಳಗಾಗಿತ್ತು.

ವರದಿಯ 31ನೇ ಪುಟ: "ಪ್ರತಿಬಿಂಬ ವ್ಯವಸ್ಥೆಯ ಅನುಷ್ಠಾನದ ನಂತರ ಹಸ್ತಚಾಲಿತ ನಕಲು ಪ್ರಕ್ರಿಯೆ ಹಾಗೂ ಸಂಬಂಧಿತ ಮಾನವ ಸಂಪನ್ಮೂಲ ಹೆಚ್ಚುವರಿಯಾಗುತ್ತದೆ."

ಹೆಚ್ಚುವರಿ. ನಮ್ಮ ರಾಜ್ಯದಲ್ಲಿ ಈ ಪದದ ಬಿಸಿ ಯಾವ ಮೇಷ್ಟರನ್ನು ಕೇಳಿದರೂ ಹೇಳುತ್ತಾರೆ. ಶಾಲೆಯಲ್ಲಿ ಮಕ್ಕಳು ಕಡಿಮೆಯಾದರೆ ಅವರು ಹೆಚ್ಚುವರಿ, ಗಂಟುಮೂಟೆ ಕಟ್ಟಬೇಕು. ಡಿಸ್ಕು ಹೆಚ್ಚುವರಿಯಾದರೆ ಮಾತ್ರ ಭದ್ರತೆ, ಅದಕ್ಕೆ ವಾರ್ಷಿಕ ನಿರ್ವಹಣಾ ಒಪ್ಪಂದ. 34 ವರ್ಷ ರಾಶಿ, ಬೆಟ್ಟೆ, ಸರಕು, ಗೊರಬಲಿನ ದರ ಬಾಯಲ್ಲೇ ಇಟ್ಟುಕೊಂಡಿದ್ದ, ಯಾವ ಬೆಳೆಗಾರನಿಗೆ ಎಷ್ಟು ಮುಂಗಡ ಹೋಗಿದೆ ಎಂದು ಪುಸ್ತಕ ನೋಡದೆ ಹೇಳುತ್ತಿದ್ದ ಮನುಷ್ಯನನ್ನು ಮಾರ್ಚ್ 31ಕ್ಕೆ ಒಂದು ಶಾಲು ಹೊದಿಸಿ ಕಳಿಸಿದೆವು. ಇದನ್ನು ಯಾವ ಪರಿಪ್ರೇಕ್ಷ್ಯದಲ್ಲಿಟ್ಟು ನೋಡಬೇಕೋ ನನಗೆ ತಿಳಿಯದು. ಅನ್ಯಾಯ ಎಂಬ ಹಳೆಯ ಪದ ಒಂದಿದೆ.

ಅದೇ ವರ್ಷ ಆಯುಧಪೂಜೆ ಕಳೆದ ವಾರ ಸರ್ವರಿನ ಮುಂಭಾಗದಲ್ಲಿ ಒಂದು ಹಳದಿ ದೀಪ ಮಿನುಗತೊಡಗಿತು. ಅದರ ಪಕ್ಕದಲ್ಲೇ ಕುಂಕುಮ, ಒಣಗಿದ ಸೇವಂತಿಗೆ ಹೂವು. ಹಬ್ಬದ ಅಲಂಕಾರವೆಂದೇ ಬಂದವರು ಅಂದುಕೊಂಡರು. ಜೊತೆಗೆ ಬಜರ್ ಕಿಂಯ್ ಕಿಂಯ್ ಎನ್ನುತ್ತಿತ್ತು. ಅಡಿಕೆ ತಂದ ರೈತರೊಬ್ಬರು "ಒಳಗೆ ಕೋಳಿಮರಿ ಸಾಕಿದ್ದೀರೇನ್ರೀ?" ಎಂದು ಕೇಳಿದರು. ಸರ್ವಿಸ್ ಹುಡುಗ ಫೋನಿನಲ್ಲೇ ಯಾವ ಗುಂಡಿ ಒತ್ತಿದರೆ ಸದ್ದು ನಿಲ್ಲುತ್ತದೆಂದು ಹೇಳಿದ. ಒತ್ತಿದ ಬೆರಳು ಈ ಪ್ರಬಂಧಕಾರನದೇ. ಎರಡು ಡಿಸ್ಕಿನಲ್ಲಿ ಒಂದು ಅವತ್ತೇ ಹೋಗಿತ್ತು. ಇನ್ನೊಂದು ಒಂಟಿಯಾಗಿ ಎಂಟು ತಿಂಗಳು ಎಳೆಯಿತು. ಮೇ ತಿಂಗಳ ಒಂದು ಗುಡುಗಿನ ಸಂಜೆ ಕರೆಂಟು ಹೋಗಿ ಬಂದಾಗ ಅದೂ ಏಳಲಿಲ್ಲ.

ಸಲಹೆಗಾರರು ಬಂದು ನೋಡಿ, ಇದು ವ್ಯವಸ್ಥೆಯ ದೋಷವಲ್ಲ, ಬಳಕೆದಾರರ ಜಾಗೃತಿಯ ಕೊರತೆ ಎಂದರು. ಜಾಗೃತಿ ಶಿಬಿರಕ್ಕೆ ಬೇರೆ ಕೊಟೇಶನ್ನಿದೆ.

ನಾನು ಗುಮಾಸ್ತರ ಮನೆಗೆ ಹೋದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿರುತ್ತಿತ್ತು. "ಕೂತ್ಕೋ ಮಾರಾಯ" ಎಂದು ಸಂಚಿಯಿಂದ ಪೆನ್‌ಡ್ರೈವ್ ತೆಗೆದು, ಸುಣ್ಣ ಒರೆಸಿ ಕೊಟ್ಟರು. ಮಂಡಿಗೆ ತಂದು ತೆರೆದೆ. ಎಲ್ಲ ಇತ್ತು. ಕೊನೆಯ ಕಡತ ಮಾರ್ಚ್ 31ರ ಸಂಜೆಯದು, ಶಾಲು ಹೊದಿಸಿದ ದಿನದ್ದು.

ಅಲ್ಲಿಂದಾಚೆಗಿನ 14 ತಿಂಗಳ ಲೆಕ್ಕವನ್ನು ಈಗ ಚೀಟಿ ನೋಡಿ ಬರೆಯುತ್ತಿದ್ದೇನೆ. ಆ ಅವಧಿಯಲ್ಲಿ ನಮ್ಮ ಮಂಡಿಗೆ ಅಡಿಕೆ ಹಾಕಿದವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ನಿಮ್ಮ ಚೀಟಿ ತನ್ನಿ. ಝೆರಾಕ್ಸ್ ಆದರೂ ಆದೀತು. ಎರಡು ಪ್ರತಿ ತನ್ನಿ.